ಹಿಂದಿನ ಕಿಸೆಯಲ್ಲಿದ್ದ ಹಾಜರಿ

ಮಳಖೇಡದ ಸುತ್ತಿನ ಒಂದು ಫರ್ಶಿ, ಅಂದರೆ ಹಾಸುಗಲ್ಲಿನ, ಗಣಿಯಲ್ಲಿ ನಾನು ಮುನ್ಶಿ. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಚದರ ಅಡಿ ಕಲ್ಲು ಎತ್ತಿದರು, ಯಾರು ಮಗಳ ಮದುವೆಗೆಂದು ಮುಂಗಡ ಒಯ್ದರು, ಯಾವ ಲಾರಿಗೆ ಎಷ್ಟು ಲೋಡು ಹೋಯಿತು, ಇಷ್ಟೂ ಲೆಕ್ಕ ನನ್ನ ಜವಾಬ್ದಾರಿ. ಮೊದಲು ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದೆ. ಗಣಿಯ ಧೂಳಿಗೂ ಮಳೆಗೂ ಪುಸ್ತಕ ಉಳಿಯುವುದಿಲ್ಲ, ಫೋನಿನಲ್ಲಾದರೆ ಭದ್ರ ಎಂದುಕೊಂಡು ಎಲ್ಲವನ್ನೂ ಫೋನಿಗೆ ಹಾಕಿದೆ. ಚೀಟಿಗಳ ಫೋಟೊ, ಹಾಜರಿಯ ಪಟ್ಟಿ, ಮುಂಗಡದ ಟಿಪ್ಪಣಿ, ಎಲ್ಲ. ಆ ನಂಬಿಕೆ ತಪ್ಪಾಯಿತು. ಅದರ ಬೆಲೆ ತೆತ್ತವರು ಬಿಸಿಲಲ್ಲಿ ಕಲ್ಲು ಹೊತ್ತವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೊಂಡ ಫೋನು ತೀರ ತೆಳ್ಳಗಿತ್ತು. ಹಿಂದಿನ ಕಿಸೆಯಲ್ಲಿ ಇಟ್ಟರೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಹಳೆಯ ದಪ್ಪ ಫೋನು ಕೂರುವಾಗ ಒತ್ತುತ್ತಿತ್ತು, ನಾನಾಗಿಯೇ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದೆ. ಇದು ಒತ್ತಲೇ ಇಲ್ಲ, ಹಾಗಾಗಿ ತೆಗೆಯುವ ರೂಢಿಯೂ ತಪ್ಪಿತು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಲಾರಿಯ ಕ್ಯಾಬಿನ್ನಿನಲ್ಲಿ, ಒಟ್ಟಿದ ಫರ್ಶಿಯ ಮೇಲೆ, ಎಲ್ಲಿ ಕೂತರೂ ನನ್ನ ಭಾರವೆಲ್ಲ ಅದರ ಮೇಲೆ. ಕೆಲಸದ ಮೇಲೆ ಸೇಡಂ, ಚಿತ್ತಾಪುರ, ವಾಡಿ, ಕೆಲವೊಮ್ಮೆ ಚಿಂಚೋಳಿಯವರೆಗೂ ಗಾಡಿಯ ಮೇಲೆ ಓಡಾಟ. ಸಿಮೆಂಟಿನ ಲಾರಿಗಳು ಹಗಲೂ ರಾತ್ರಿ ಓಡುವ ರಸ್ತೆಗಳವು. ಪ್ರತಿ ತಗ್ಗಿನಲ್ಲೂ ಗಾಡಿ ಎತ್ತಿ ಹಾಕುತ್ತದೆ. ಬಿಗಿಯಾದ ಜೀನ್ಸ್‌ ಪ್ಯಾಂಟಿನ ಕಿಸೆ ಫೋನಿನ ಎರಡೂ ತುದಿಯನ್ನು ಹಿಡಿದಿಡುತ್ತದೆ, ಮೈಯ ಭಾರ ನಡುವಿಗೆ ಬೀಳುತ್ತದೆ.

ಈ ಮಾತು ಅರ್ಥವಾಗದಷ್ಟು ಹೊಸಬ ನಾನಲ್ಲ. ಶಹಾಬಾದ್ ಕಲ್ಲು ಎಂದು ದೇಶವೆಲ್ಲ ಕರೆಯುವ ಈ ಸುಣ್ಣಕಲ್ಲು ನೆಲದಲ್ಲಿ ಪದರ ಪದರವಾಗಿಯೇ ಕೂತಿರುತ್ತದೆ. ಉಳಿ ಕೊಟ್ಟು ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. ನಮ್ಮ ಕಡೆ ಮನೆಯ ನೆಲಕ್ಕೂ ಅದೇ, ಛಾವಣಿಗೂ ಅದೇ. ನೆಲಕ್ಕೆ ತೆಳು ಫರ್ಶಿ ಸಾಕು, ಯಾಕೆಂದರೆ ಕೆಳಗೆ ಮಣ್ಣು ಪೂರ್ತಿ ಆಸರೆ ಕೊಟ್ಟಿರುತ್ತದೆ. ತೊಲೆಯಿಂದ ತೊಲೆಗೆ ಹಾಸುವ ಛಾವಣಿಗೆ ದಪ್ಪ ಫರ್ಶಿಯೇ ಬೇಕು. ಕೆಳಗೆ ಪೊಳ್ಳು ಬಿಟ್ಟು ಕೂರಿಸಿದ ತೆಳು ಫರ್ಶಿಯ ನಡುವೆ ಕಾಲಿಟ್ಟರೆ ಎರಡು ತುಂಡು. ಲಾರಿಗೆ ಫರ್ಶಿಯನ್ನು ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿ ಹೇರಿಸುವುದೂ ಅದಕ್ಕೇ. ಇದನ್ನು ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದವನು ನಾನೇ. ಕಿಸೆಯಲ್ಲಿದ್ದದ್ದೂ ಒಂದು ತೆಳು ಹಲಗೆಯೇ ಎಂದು ಮಾತ್ರ ಹೊಳೆಯಲಿಲ್ಲ.

ಹಲಗೆ ಬಾಗದೆ ನಿಲ್ಲುವ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ದಪ್ಪ ಅರ್ಧವಾದರೆ ಬಿಗಿ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ವಸ್ತುವಿನ 8 ಮಿಲಿಮೀಟರ್ ಹಲಗೆಯನ್ನು 6ಕ್ಕೆ ಇಳಿಸಿದರೆ ಉಳಿಯುವ ಬಿಗಿ ನೂರಕ್ಕೆ ಸುಮಾರು 42. ಕೈಗೆ ಎರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೇ, ಲೋಹಕ್ಕೆ ಅರ್ಧಕ್ಕಿಂತ ಹೆಚ್ಚು ಬಿಗಿ ಹೋದಂತೆ. ಉದ್ದ ಹೆಚ್ಚಾದಷ್ಟೂ ನಡುವಿನ ಮೇಲೆ ಬೀಳುವ ಎಳೆತವೂ ಹೆಚ್ಚು. ಫೋನುಗಳು ಒಂದೇ ಕಾಲಕ್ಕೆ ತೆಳ್ಳಗೂ ಆದವು, ಉದ್ದವೂ ಆದವು.

2014ರ ಸೆಪ್ಟೆಂಬರಿನಲ್ಲಿ ಐಫೋನ್ 6 ಪ್ಲಸ್ ಬಂದ ಕೆಲವೇ ದಿನಕ್ಕೆ, ಕಿಸೆಯಲ್ಲೇ ಬಾಗಿತು ಎಂಬ ದೂರು ಲೋಕವೆಲ್ಲ ಹಬ್ಬಿತ್ತು. ಅದಕ್ಕೂ ಮೊದಲಿನ 5ಎಸ್ ದಪ್ಪ 7.6 ಮಿಲಿಮೀಟರ್, 6 ಪ್ಲಸ್ 7.1. ಇಳಿದದ್ದು ಅರ್ಧ ಮಿಲಿಮೀಟರ್, ಬೆಳೆದದ್ದು ಮೂರು ಸೆಂಟಿಮೀಟರಿಗೂ ಹೆಚ್ಚು ಉದ್ದ. ಹಳೆಯದಕ್ಕಿಂತ 6 ಪ್ಲಸ್ ಬಾಗುವ ಸಂಭವ 7.2 ಪಟ್ಟು ಹೆಚ್ಚು ಎಂದು ಕಂಪನಿಯ ಒಳಗಿನ ಪರೀಕ್ಷೆಯೇ ಹೇಳಿತ್ತೆಂಬುದು 2018ರಲ್ಲಿ ಅಮೆರಿಕದ ನ್ಯಾಯಾಲಯದ ದಾಖಲೆಯಿಂದ ಹೊರಬಂತು. 6 ಪ್ಲಸ್ ಬಂದ ಮರುವರ್ಷದ ಫೋನಿಗೇ ಇನ್ನೂ ಗಟ್ಟಿ ಅಲ್ಯೂಮಿನಿಯಂ ಹಾಕಿದ್ದರು. 2025ರಲ್ಲಿ ಬಂದ 5.8 ಮಿಲಿಮೀಟರಿನ ಗ್ಯಾಲಕ್ಸಿ ಎಸ್25 ಎಡ್ಜ್‌ಗೂ 5.6 ಮಿಲಿಮೀಟರಿನ ಐಫೋನ್ ಏರ್‌ಗೂ ಟೈಟಾನಿಯಂ ಚೌಕಟ್ಟು. ದಪ್ಪ ತೆಗೆದರೆ ಅದರ ಬದಲು ದುಬಾರಿ ಲೋಹ ಕೊಡಲೇಬೇಕು ಎಂದು ತಯಾರಿಸುವವರಿಗೆ ಗೊತ್ತು. ನಮ್ಮಂಥವರು ಕೊಳ್ಳುವ ಬೆಲೆಯ ಫೋನಿನಲ್ಲಿ ಟೈಟಾನಿಯಂ ಇರುವುದಿಲ್ಲ. ತೆಳುತನ ಮಾತ್ರ ಇರುತ್ತದೆ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ನನ್ನ ಫೋನು ಒಮ್ಮೆಗೇ ಹೋಗಲಿಲ್ಲ, ಮುನ್ಸೂಚನೆ ಕೊಟ್ಟಿತ್ತು. ಸಪಾಟಾದ ಪಾಲಿಶ್ ಫರ್ಶಿಯ ಮೇಲೆ ಇಟ್ಟಾಗ ಒಂದು ಮೂಲೆ ನೆಲ ಮುಟ್ಟದೆ ಅಲುಗಾಡುತ್ತಿತ್ತು. ನೋಡಿದೆ, ಕವರಿನ ದೋಷ ಎಂದುಕೊಂಡೆ. ಮುಂದೆ ಪರದೆಯ ಮೇಲಿನ ಅಂಚು ಬೆರಳಿಗೆ ಉತ್ತರ ಕೊಡುವುದನ್ನು ನಿಲ್ಲಿಸಿತು. ಒತ್ತಿ ಹಿಡಿದರೆ ಸರಿಹೋಗುತ್ತಿತ್ತು, ಅಷ್ಟಕ್ಕೇ ಸಮಾಧಾನ. ಜಾಗ ತುಂಬಿದೆ, ಬ್ಯಾಕಪ್ ಆಗಿಲ್ಲ ಎಂಬ ಸೂಚನೆ ದಿನವೂ ಬರುತ್ತಿತ್ತು. ಗಣಿಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಮನೆಗೆ ಹೋಗಿ ನೋಡೋಣ ಎಂದು ಸರಿಸುತ್ತಿದ್ದೆ. ಮನೆಗೆ ಹೋದ ಮೇಲೆ ಅದು ನೆನಪಾಗುತ್ತಿರಲಿಲ್ಲ.

ಕೊನೆಗೆ ಒಂದು ಸಂಜೆ, ಅಲ್ಯೂಮಿನಿಯಂ ಚೌಕಟ್ಟು ವಾಲ್ಯೂಮ್ ಗುಂಡಿಯ ಬಳಿ ಸೊಟ್ಟಗಾದದ್ದು ಕಣ್ಣಿಗೇ ಕಂಡಿತು. ಆಗ ಮಾಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಎರಡೂ ಕೈಯಲ್ಲಿ ಹಿಡಿದು ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡಲು ಒತ್ತಿದೆ. ಚೌಕಟ್ಟು ನೆಟ್ಟಗಾಯಿತು. ಪರದೆ ಕಪ್ಪಾಯಿತು.

ಸೇಡಂನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಅದನ್ನು ಬಿಸಿ ತಟ್ಟೆಯ ಮೇಲಿಟ್ಟು ಅಂಟು ಮೆತ್ತಗಾಗಿಸಿ ಬಿಚ್ಚಿದ. ಒಳಗೆ ಬಹುಪಾಲು ಜಾಗ ಬ್ಯಾಟರಿಯದ್ದೇ. ಪಕ್ಕದಲ್ಲಿ ಬೆರಳಗಲದ ಬೋರ್ಡು.

“ಮುನ್ಶಿ ಸಾಹೇಬ್ರ, ನೀವೇನಾರ ಇದನ್ನ ಹೊಳ್ಳಿ ಬಗ್ಗಿಸೀರೇನ್ರಿ?” ಎಂದ.

ಹೌದು ಎಂದೆ.

“ಹಂಗ ಮಾಡಬಾರದಿತ್ರಿ. ಒಮ್ಮೆ ಬಾಗಿದಾಗ ಸೋಲ್ಡರ್ ಅರ್ಧ ಬಿಟ್ಟಿರ್ತದ. ಹೊಳ್ಳಿ ಒತ್ತಿದ್ರ ಪೂರಾ ಬಿಡ್ತದ. ದೇವರ ದಯ, ಬ್ಯಾಟರಿ ಹರಿಲಿಲ್ಲ. ಹರಿದಿದ್ರ ನಿಮ್ಮ ಕೈಯಾಗೇ ಹೊತ್ತತಿತ್ತು.”

ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಲಿಥಿಯಂ ಬ್ಯಾಟರಿ ಎಂದರೆ ತೆಳು ಹಾಳೆಗಳನ್ನು ಒತ್ತೊತ್ತಾಗಿ ಸುತ್ತಿ ಅಥವಾ ಜೋಡಿಸಿ ಮೆತ್ತನೆ ಚೀಲದಲ್ಲಿ ಇಟ್ಟದ್ದು. ಎರಡು ಧ್ರುವಗಳ ನಡುವಿನ ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಹೀಗೆ ಹೊತ್ತಿಕೊಂಡದ್ದಕ್ಕೇ 2016ರಲ್ಲಿ ಸ್ಯಾಮ್ಸಂಗ್ ತನ್ನ ನೋಟ್ 7 ಫೋನುಗಳನ್ನು ಲೋಕದಾದ್ಯಂತ ವಾಪಸು ಕರೆಸಿಕೊಂಡಿತು. ಮೊದಲ ತಂಡದ ಬ್ಯಾಟರಿಗಳ ಮೂಲೆಯಲ್ಲಿ ಹಾಳೆಗಳು ಬಾಗಿದ್ದೇ ಕಾರಣಗಳಲ್ಲೊಂದು ಎಂದು ಮರುವರ್ಷದ ಜನವರಿಯಲ್ಲಿ ಅದೇ ಹೇಳಿತು. ಮೂಲೆ ಬಾಗಿದ್ದಕ್ಕೇ ಹಾಗಾದರೆ, ನಾನು ಇಡೀ ಫೋನನ್ನು ಮೊಣಕಾಲಿಗೆ ಕೊಟ್ಟಿದ್ದೆ.

“ಒಳಗಿನ ಲೆಕ್ಕ ತೆಗಿಲಾಕ ಬರ್ತದೇನಪ್ಪಾ?” ಎಂದು ಕೇಳಿದೆ. ಅವನು ಬಹಳ ಹೊತ್ತು ಬೋರ್ಡಿನ ಮೇಲೆ ಬಿಸಿ ಗಾಳಿ ಹಾಯಿಸಿ ನೋಡಿದ. ಮೊದಲಿನ ಫೋನುಗಳಲ್ಲಿ ಮೆಮರಿ ಕಾರ್ಡ್ ಇರುತ್ತಿತ್ತು, ಫೋನು ಸತ್ತರೂ ಅದನ್ನು ತೆಗೆದು ಇನ್ನೊಂದಕ್ಕೆ ಹಾಕಬಹುದಿತ್ತು. ನನ್ನದರಲ್ಲಿ ಕಾರ್ಡಿಗೆ ಜಾಗವೇ ಇರಲಿಲ್ಲ. ಒಳಗಿನ ಮೆಮರಿ ಬೋರ್ಡಿಗೇ ಬೆಸೆದದ್ದು, ಬರೆದದ್ದೆಲ್ಲ ಗೂಢಲಿಪಿಯಲ್ಲಿರುತ್ತದೆ. ಚಿಪ್ ಕಿತ್ತು ಬೇರೆ ಕಡೆ ಹಾಕಿದರೂ ಅದೇ ಫೋನಿನ ಪ್ರೊಸೆಸರ್ ಇಲ್ಲದೆ ಓದಲು ಬರುವುದಿಲ್ಲ. ಕಳ್ಳರಿಂದ ಕಾಪಾಡುವ ಆ ಬೀಗವೇ ನನ್ನನ್ನು ಹೊರಗೆ ನಿಲ್ಲಿಸಿತು. ಹುಡುಗ ಹಣ ತೆಗೆದುಕೊಳ್ಳಲಿಲ್ಲ.

ಬಟವಾಡೆ ಎರಡು ದಿನದಲ್ಲಿತ್ತು. ಎಲ್ಲರನ್ನೂ ಬೇವಿನ ಮರದ ಕೆಳಗೆ ಕೂಡಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಣ್ಣುಮಕ್ಕಳೇ ಶುರುಮಾಡಿದರು. ಅಮಾಸಿ ದಿನ ಕೆಲಸ ಇರಲಿಲ್ಲ, ಮಳೆ ಬಿದ್ದ ಮರುದಿನ ಕೆಳಗಿನ ಪದರದಲ್ಲಿ ನೀರು ನಿಂತು ಮಧ್ಯಾಹ್ನಕ್ಕೇ ಬಿಟ್ಟೆವು, ಆ ದಿನ ಇವಳ ಕೂಸಿಗೆ ಜ್ವರ ಬಂದು ಇವಳು ಬರಲಿಲ್ಲ, ಇವಳ ಬದಲು ಇವಳ ನೆಗೆಣ್ಣಿ ಬಂದಿದ್ದಳು. ಒಬ್ಬರ ನೆನಪನ್ನು ಇನ್ನೊಬ್ಬರು ತಿದ್ದುತ್ತಾ ಹೋದರು. ಲಾರಿ ಚಾಲಕರ ಬಳಿ ತೂಕದ ಕಾಟಾದ ಚೀಟಿಗಳಿದ್ದವು. ಯಾವ ದಿನ ಎಷ್ಟು ಲೋಡು ಎಂಬುದು ಅದರಿಂದ ಹೊಂದಿಕೆಯಾಯಿತು. ನಾನು ಹೊಸ ಪುಸ್ತಕ ತಂದು ಅವರು ಹೇಳಿದಂತೆ ಬರೆದುಕೊಂಡೆ.

ಮುಂಗಡದ ಲೆಕ್ಕ ಬಂದಾಗ ನನಗೆ ಎದೆ ಢವಢವ ಅನ್ನುತ್ತಿತ್ತು. ಅದಕ್ಕೆ ಯಾವ ಚೀಟಿಯೂ ಇರಲಿಲ್ಲ, ಅವರು ಹೇಳಿದ್ದೇ ಲೆಕ್ಕ. ಒಬ್ಬಾಕೆ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಮೊತ್ತ ಹೇಳಿದಳು. “ಅಷ್ಟಿಲ್ಲ ಯಕ್ಕಾ, ಕಮ್ಮಿ ಅದ” ಎಂದೆ. “ಇಲ್ಲೋ ಯಣ್ಣಾ, ಪಂಚಮಿಗಿ ಮತ್ತೊಮ್ಮಿ ಒಯ್ದಿದ್ದೆ, ನೀ ಮರ್ತೀದಿ” ಎಂದಳು.

ಆದರೆ ಎಲ್ಲವೂ ಹೀಗೆ ಸರಿಹೋಗಲಿಲ್ಲ. ಕಲ್ಲು ಎಬ್ಬಿಸುವ ಒಬ್ಬಾತ ತನ್ನ ಚದರ ಅಡಿ ಬಹಳ ಕಡಿಮೆ ಬಂದಿದೆ ಎಂದ. ಅವನು ಗಣಿಯ ದೂರದ ಮೂಲೆಯಲ್ಲಿ ಒಬ್ಬನೇ ಕೆಲಸ ಮಾಡಿದವನು, ಅವನ ಪರವಾಗಿ ನೆನಪಿಟ್ಟುಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಪಗಾರದಿಂದ ಒಂದಷ್ಟು ಸೇರಿಸಿ ಕೊಟ್ಟೆ. ತೆಗೆದುಕೊಂಡ, ಮುಂದಿನ ವಾರದಿಂದ ವಾಡಿಯ ಕಡೆಗೆ ಕೆಲಸಕ್ಕೆ ಹೋದ. ಅವನು ಹೇಳಿದ್ದೇ ಖರೆ ಇರಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ನನ್ನ ಫೋನಿನಲ್ಲಿ ಅವನ ಒಂಟಿ ದುಡಿಮೆಯ ಸಾಕ್ಷಿ ಇತ್ತು, ಅದರ ಮೇಲೆ ನಾನು ಕೂತಿದ್ದೆ.

ಈಗ ನನ್ನ ಹತ್ತಿರ ಇರುವುದು ದಪ್ಪನೆಯ ಫೋನು, ಮೆಮರಿ ಕಾರ್ಡ್ ಹಾಕಲು ಬರುವಂಥದ್ದು. ಅಂಗಿಯ ಕಿಸೆಯಲ್ಲೂ ಇಡುವುದಿಲ್ಲ, ಬಗ್ಗಿದರೆ ಕಲ್ಲಿನ ಮೇಲೆ ಬೀಳುತ್ತದೆ. ಹೆಗಲ ಚೀಲದಲ್ಲಿ ಪುಸ್ತಕದ ಪಕ್ಕ ಅದಕ್ಕೆ ಜಾಗ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಅಂಥ ಕಾವು ಬ್ಯಾಟರಿಯ ಆಯುಷ್ಯ ತಿನ್ನುತ್ತದೆ. ಹಾಗಾಗಿ ಚೀಲವನ್ನು ಮರದ ನೆರಳಲ್ಲಿ, ನೀರಿನ ಕೊಡದ ಬಳಿ ತೂಗುಹಾಕುತ್ತೇನೆ. ಗಣಿಯ ಹುಡುಗರು ಹಿಂದಿನ ಕಿಸೆಯಲ್ಲಿ ಫೋನಿಟ್ಟು ಕೂತದ್ದು ಕಂಡರೆ ಎಬ್ಬಿಸಿ ತೆಗೆಸುತ್ತೇನೆ. ಫೋನನ್ನು ಸಪಾಟು ಫರ್ಶಿಯ ಮೇಲೆ ಬೋರಲು ಇಟ್ಟು ಮೂಲೆ ಅಲುಗಾಡುತ್ತದೆಯೇ ನೋಡಿ, ಅಲುಗಾಡಿದರೆ ಅಂದೇ ಒಳಗಿನದನ್ನೆಲ್ಲ ಬೇರೆ ಕಡೆ ತೆಗೆದಿಡಿ, ಕೈಯಿಂದ ಮಾತ್ರ ನೆಟ್ಟಗೆ ಮಾಡಬೇಡಿ ಎನ್ನುತ್ತೇನೆ.

ಹಾಜರಿ ಈಗ ಪ್ರತಿಯೊಬ್ಬರ ಕೈಯಲ್ಲೂ ಇದೆ. ರಟ್ಟಿನ ಕಾರ್ಡುಗಳನ್ನು ಕೊಯ್ಸಿ, ಹೆಸರು ಬರೆದು ಕೊಟ್ಟಿದ್ದೇನೆ. ದಿನದ ಕೆಲಸ, ಚದರ ಅಡಿ, ಒಯ್ದ ಮುಂಗಡ ಎಲ್ಲವನ್ನೂ ಸಂಜೆ ಅದರಲ್ಲಿ ಬರೆದು ಸಹಿ ಹಾಕುತ್ತೇನೆ. ನನ್ನ ಪುಸ್ತಕದಲ್ಲೂ ಬರೆಯುತ್ತೇನೆ, ಫೋಟೊವನ್ನೂ ತೆಗೆಯುತ್ತೇನೆ. ಕಾರ್ಡು ಮನೆಗೆ ಹೋಗುವುದು ಅವರ ಜೊತೆಗೆ. ಓದು ಬಾರದವರು ಮಕ್ಕಳ ಕೈಲಿ ಓದಿಸಿಕೊಂಡು ಬಂದು, ತಪ್ಪಿದ್ದರೆ ಮರುದಿನ ಬೆಳಿಗ್ಗೆಯೇ ನನ್ನನ್ನು ಕೇಳುತ್ತಾರೆ. ವಾಡಿಗೆ ಹೋದವನಿಗೂ ಒಂದು ಕಾರ್ಡು ಬರೆದಿಟ್ಟಿದ್ದೇನೆ, ವಾಪಸು ಬಾ ಎಂದು ಹೇಳಿಕಳಿಸಿದ್ದೇನೆ. ಇನ್ನೂ ಬಂದಿಲ್ಲ.