ಚೀತಾ ಹೊತ್ತ ಭಾರ

ಸಿಯಾಚಿನ್‌ನ ತೀರಾ ಎತ್ತರದ ಠಾಣೆಗಳಿಗೆ ಚೀತಾ ಹೆಲಿಕಾಪ್ಟರ್ ಒಂದು ಸಲಕ್ಕೆ ಒಯ್ಯುತ್ತಿದ್ದದ್ದು ಸುಮಾರು 20 ಕಿಲೋ, ಅಂದರೆ ಒಂದು ಕ್ಯಾನು ಸೀಮೆಎಣ್ಣೆ. ಅಷ್ಟಕ್ಕಾಗಿ ಇಬ್ಬರು ಪೈಲಟ್‌ಗಳು 20,000 ಅಡಿಯ ಹತ್ತಿರ ಹೋಗಿ, ರೋಟರ್ ನಿಲ್ಲಿಸದೆ ಕ್ಯಾನು ಇಳಿಸಿ, ನಿಂತ ಕಾಲಲ್ಲೇ ಹೊರಡಬೇಕು. ತೆಳುಗಾಳಿಯಲ್ಲಿ ಎಂಜಿನ್ನಿಗೆ ಬಲ ಸಾಲದು, ಬ್ಲೇಡಿಗೆ ಹಿಡಿತ ಸಿಗದು. ಅದಕ್ಕೇ ಹಿಂದಿನ ಸೀಟು ಕಳಚಿಡುತ್ತಿದ್ದೆವು. ಇಂಧನ ಹಾಕುವುದೂ ಹೋಗಿ ಬರಲು ಬೇಕಾದಷ್ಟೇ.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಇಎಂಇ ಮೆಕ್ಯಾನಿಕ್. ಭೂಸೇನೆಯ ಹೆಲಿಕಾಪ್ಟರ್‌ಗಳ ರಿಪೇರಿ, ತಪಾಸಣೆ ಎಲ್ಲ ಇಎಂಇ ದಳದ ಪಾಲಿನದು. ಬೆಳಕು ಹರಿಯುವ ಮೊದಲೇ ಬ್ಲೇಡಿನ ಹೊದಿಕೆ ತೆಗೆದು ಹಿಮ ಒರೆಸಬೇಕು. ಗಾಜಿನಂಥ ಮಂಜುಗಡ್ಡೆಯ ಪದರ ಟಾರ್ಚಿಗೂ ಕಾಣುವುದಿಲ್ಲ. ‘ಮುಟ್ಟಿ ನೋಡಬೇಕ ತಮ್ಮಾ, ಕಣ್ಣು ನಂಬಬ್ಯಾಡ’ ಅನ್ನುತ್ತಿದ್ದರು ಧಾರವಾಡ ಕಡೆಯ ಹವಾಲ್ದಾರರು. ಕೈಗವಸು ಕಳಚಿ, ಚರ್ಮ ಅಂಟಿಕೊಳ್ಳುವ ಮೊದಲೇ ಸರ್ರನೆ ಸವರಿ ಕೈ ತೆಗೆಯುತ್ತಿದ್ದರು. ಹೆಲಿಕಾಪ್ಟರ್ ಏಳುತ್ತಿದ್ದದ್ದು ಜೋಡಿಯಾಗಿ. ಒಂದು ಹಿಮದಲ್ಲಿ ಕೂತರೆ ಇನ್ನೊಂದು ಜಾಗ ಗುರುತಿಸಬೇಕಲ್ಲ. ಮೇಲಕ್ಕೆ ಸೀಮೆಎಣ್ಣೆ, ಔಷಧ, ಕಾಗದ. ಕೆಳಕ್ಕೆ ಹಿಮಕ್ಕೆ ಬೆರಳು ಕಪ್ಪಾದ, ಶ್ವಾಸಕೋಶದಲ್ಲಿ ನೀರು ತುಂಬಿದ ಜವಾನರು.

ಈ ಹೆಲಿಕಾಪ್ಟರ್‌ಗಳನ್ನು ಹಾರಿಸುತ್ತಿದ್ದ ಆರ್ಮಿ ಏವಿಯೇಷನ್ ಕೋರ್ ಆಗ ಇನ್ನೂ ಎಳೆಯದು, ಹುಟ್ಟಿದ್ದು 1986ರ ನವೆಂಬರ್ 1ರಂದು. ಅದರ ಬೇರು ಇರುವುದು ಫಿರಂಗಿ ದಳದಲ್ಲಿ. ಗುಂಡು ಎಲ್ಲಿ ಬಿತ್ತೆಂದು ಮೇಲಿನಿಂದ ನೋಡಿ ಹೇಳಲು ಫಿರಂಗಿ ಅಧಿಕಾರಿಗಳೇ ಪುಟ್ಟ ವಿಮಾನ ಹಾರಿಸುತ್ತಿದ್ದರು. ನಮ್ಮ ಸ್ಕ್ವಾಡ್ರನ್‌ಗಳೂ ವೀಕ್ಷಣೆಯ ಸ್ಕ್ವಾಡ್ರನ್‌ಗಳೇ. ಅವುಗಳ ಒಂದೊಂದು ಫ್ಲೈಟ್‌ನಲ್ಲಿ ಕೈಬೆರಳೆಣಿಕೆಯ ಚೀತಾ, ಚೇತಕ್. ಶತ್ರುವಿನ ಚಲನವಲನ ನೋಡುವುದು, ಫಿರಂಗಿಗೆ ಗುರಿ ತೋರಿಸುವುದು, ಕಮಾಂಡರ್‌ಗಳನ್ನು ಒಯ್ಯುವುದು, ಠಾಣೆಗಳಿಗೆ ಸಾಮಾನು ಮುಟ್ಟಿಸುವುದು, ಗಾಯಾಳುಗಳನ್ನು ತರುವುದು, ಇಷ್ಟೇ ಕೆಲಸ. ದಾಳಿಯ ಎಂಐ-25, ಎಂಐ-35 ಹೆಲಿಕಾಪ್ಟರ್‌ಗಳು ವಾಯುಪಡೆಯ ಕೈಯಲ್ಲಿದ್ದವು.

ಈಗಿನ ಕೋರ್ ಆ ಕಾಲದವರಿಗೆ ಗುರುತೇ ಹತ್ತದು. 2003ರಿಂದ ನಾಸಿಕ್‌ನಲ್ಲಿ ಸ್ವಂತ ತರಬೇತಿ ಶಾಲೆಯಿದೆ. ಸ್ಕ್ವಾಡ್ರನ್‌ಗಳನ್ನು ಒಟ್ಟುಗೂಡಿಸಿದ ಏವಿಯೇಷನ್ ಬ್ರಿಗೇಡ್‌ಗಳಿವೆ. ಧ್ರುವ ಹೆಲಿಕಾಪ್ಟರ್ ಬಂತು, ಅದಕ್ಕೆ ಆಯುಧ ಕೂಡಿಸಿದ ರುದ್ರ ಬಂತು. 2022ರಲ್ಲಿ ದಾಳಿಯ ಹೆಲಿಕಾಪ್ಟರ್ ಪ್ರಚಂಡ್ ಅಸ್ಸಾಂನ ಮಿಸಾಮಾರಿಗೆ ಹೋಯಿತು. 2025ರ ಜುಲೈನಲ್ಲಿ ಭೂಸೇನೆಯ ಮೊದಲ ಅಪಾಚೆ ದಾಳಿ ಹೆಲಿಕಾಪ್ಟರ್‌ಗಳು ಬಂದಿಳಿದವು. ಕ್ಯಾಪ್ಟನ್ ಅಭಿಲಾಷಾ ಬರಾಕ್ 2022ರಲ್ಲಿ ಕೋರ್‌ನ ಮೊದಲ ಮಹಿಳಾ ಯುದ್ಧ ಪೈಲಟ್ ಆದ ಸುದ್ದಿ ಓದಿ ಮನಸ್ಸು ತುಂಬಿತು. ನೆಲದಲ್ಲಿ ಕಾದಾಡುವ ಕಮಾಂಡರ್‌ಗೆ ಬೇಕಾದ ಹೆಲಿಕಾಪ್ಟರ್ ಅವನ ಮಾತಿಗೇ ಏಳಬೇಕು. ಈ ಬದಲಾವಣೆ ಸರಿ, ಬಹಳ ತಡವಾಗಿ ಬಂತು ಅಷ್ಟೇ.

ಆದರೆ ಹೊರೆ ಹೊರುವ ಯಂತ್ರಕ್ಕೆ ಆ ಭಾಗ್ಯ ಬರಲಿಲ್ಲ. ಚೀತಾದ ಮೂಲ ವಿನ್ಯಾಸ ಫ್ರಾನ್ಸಿನಲ್ಲಿ ಮೊದಲು ಹಾರಿದ್ದು 1969ರಲ್ಲಿ. ಒಂದೇ ಎಂಜಿನ್. ಅದು ಕೈಕೊಟ್ಟರೆ ಹಿಮನದಿಯ ಮೇಲೆ ಇಳಿಯಲು ಸಮತಟ್ಟು ಜಾಗ ಎಲ್ಲಿದೆ? ಅಪಘಾತಗಳಲ್ಲಿ ಪೈಲಟ್‌ಗಳು ಸಾಯುತ್ತಲೇ ಬಂದರು. ಇದನ್ನು ಬದಲಿಸಿ ಎಂದು 2015ರಲ್ಲಿ ಸೇನಾಧಿಕಾರಿಗಳ ಪತ್ನಿಯರು ರಕ್ಷಣಾ ಸಚಿವರಿಗೇ ಮನವಿ ಕೊಡಬೇಕಾಯಿತು.

ಬದಲಿ ಯಂತ್ರ ಇಲ್ಲವೆಂದಲ್ಲ. ಎಚ್‌ಎಎಲ್‌ನ ಲಘು ಹೆಲಿಕಾಪ್ಟರ್ ಎಲ್‌ಯುಎಚ್ 2016ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. 2020ರಲ್ಲಿ ಸಿಯಾಚಿನ್‌ನ ಅಮರ್, ಸೋನಂ ಹೆಲಿಪ್ಯಾಡ್‌ಗಳಲ್ಲಿ ಇಳಿದು ತೋರಿಸಿತು. 2023ರ ಫೆಬ್ರುವರಿಯಲ್ಲಿ ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ಅನಾವರಣಗೊಂಡದ್ದೂ ಅದೇ. ಆಮೇಲೆ 2025ರ ಮಾರ್ಚ್‌ನಲ್ಲಿ 156 ಪ್ರಚಂಡ್‌ಗಳಿಗೆ ಒಪ್ಪಂದವಾಯಿತು. ಅದರಲ್ಲಿ 90 ಭೂಸೇನೆಗೆ. ಬೇಡವೆನ್ನುವುದಿಲ್ಲ. ಆದರೆ ದಾಳಿಯ ಹೆಲಿಕಾಪ್ಟರ್ ಯುದ್ಧದ ದಿನಕ್ಕೆ ಕಾಯುತ್ತದೆ, ಠಾಣೆಯ ಹುಡುಗರಿಗೆ ಒಲೆ ಉರಿಸುವುದು ಪ್ರತಿದಿನದ ಕೆಲಸ. ಗುಬ್ಬಿಯ ಕಾರ್ಖಾನೆಯಿಂದ ಮೊದಲು ಸಾಲಾಗಿ ಹೊರಬರಬೇಕಾದದ್ದು ಎಲ್‌ಯುಎಚ್.