ಎರಡು ಕೋಣೆ, ಒಂದು ಪೀರಿಯಡ್

ಪಕ್ಕದ ಮನೆಯ ಹುಡುಗಿ ಏಳನೇ ತರಗತಿ, ಓದುವುದು ಕಾನ್ವೆಂಟಿನಲ್ಲಿ. ವಾರದಲ್ಲಿ ಒಂದು ಪೀರಿಯಡ್ಡಿಗೆ ಅವಳ ವೇಳಾಪಟ್ಟಿಯಲ್ಲಿ ಎರಡು ಹೆಸರು: ಕ್ಯಾಟಕಿಸಂ, ಮಾರಲ್ ಸೈನ್ಸ್. ಗಂಟೆ ಹೊಡೆದ ಕೂಡಲೇ ಕ್ಯಾಥೊಲಿಕ್ ಮಕ್ಕಳು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ. ಉಳಿದವರು ಅಲ್ಲೇ ಕೂತು ಮಾರಲ್ ಸೈನ್ಸ್ ಪುಸ್ತಕ ತೆಗೆಯುತ್ತಾರೆ. "ಅಲ್ಲಿ ಅವರಿಗೆ ಏನು ಹೇಳಿಕೊಡ್ತಾರೆ ಅಂಕಲ್?" ಎಂದು ಕೇಳಿದಳು. ನಿನ್ನ ಗೆಳತಿಯನ್ನೇ ಕೇಳು ಅಂದೆ. ಕೇಳಿದ್ದಳಂತೆ. "ಅವಳು, ನಿಮಗೆ ಏನು ಹೇಳಿಕೊಡ್ತಾರೆ ಅಂತ ನನ್ನನ್ನೇ ಕೇಳಿದ್ಲು."

*

ಸಂವಿಧಾನ ತೆಗೆದು ನೋಡಿದೆ. 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಾದರೆ, ಅಂಥ ಪಾಠಕ್ಕೆ ಮಗುವನ್ನು ಕೂರಿಸಲು ಪೋಷಕರ ಒಪ್ಪಿಗೆ ಬೇಕು. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಡುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದಾಗ ಆ ಎರಡು ಕೋಣೆಗಳು ಎಲ್ಲಿಂದ ಬಂದವೆಂದು ತಿಳಿಯಿತು.

ಮಾರಲ್ ಸೈನ್ಸಿನ ಕಡೆಗೆ ಬಂದರೆ, 1999ರಲ್ಲಿ ಸಂಸತ್ತಿನ ಎಸ್.ಬಿ. ಚವಾಣ್ ಸಮಿತಿ ಶಾಲೆಗಳಿಗೆ ಐದು ಮೌಲ್ಯ ಸೂಚಿಸಿತು: ಸತ್ಯ, ಧರ್ಮ, ಶಾಂತಿ, ಪ್ರೇಮ, ಅಹಿಂಸೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ, ಧರ್ಮಬೋಧನೆ ಬೇರೆ ಎಂದಿತು. ಕಾನೂನಿನ ಮಟ್ಟಿಗೆ ಸರಿ. ನನ್ನ ಗೊಂದಲ ಬೇರೆ. ಸುಳ್ಳು ಹೇಳಬಾರದು ಎಂಬುದು ಎರಡೂ ಕೋಣೆಗಳ ಪಾಠ. ಒಂದು ಕಡೆ ಅದರ ಬೆನ್ನಿಗೆ ಯೇಸು ಹೇಳಿದ ಕತೆಗಳಿವೆ, ಪ್ರಾರ್ಥನೆಯಿದೆ, ಪಾಪನಿವೇದನೆಯಿದೆ. ಇನ್ನೊಂದು ಕಡೆ ಬೆನ್ನಿಗೆ ಏನಿದೆ?

*

ಹೊಸಕೆರೆಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ಒಬ್ಬ ಸಿಸ್ಟರ್ ಪರಿಚಯವಾದರು. ಉತ್ತರ ಕರ್ನಾಟಕದ ಒಂದು ಹಳ್ಳಿಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಅವರ ಸನ್ಯಾಸಿನಿಯರ ಸಭೆ ಈಗ ಬೆಂಗಳೂರಿಗೆ ಓದಲು ಕಳಿಸಿದೆ. ಓದು ಯಾವುದು ಸಿಸ್ಟರ್ ಎಂದರೆ, "ಧಾರ್ಮಿಕ ಮತ್ತು ಮೌಲ್ಯ ಶಿಕ್ಷಣ, ಮಾಸ್ಟರ್ಸ್ ಸರ್" ಅಂದರು. ಮಾರಲ್ ಸೈನ್ಸ್ ಪೀರಿಯಡ್ಡಿಗೆ ಸ್ನಾತಕೋತ್ತರ ಓದೇ ಎಂದು ಬೆರಗಾಯಿತು. ಮನೆಗೆ ನಡೆಯುವಾಗ ಯೋಚನೆ ತಿರುಗಿತು: ಹನ್ನೆರಡು ವರ್ಷದ ಮಗುವಿನ ಮುಂದೆ ಸರಿ ತಪ್ಪಿನ ಮಾತಾಡಲು ಯಾವ ಓದೂ ಬೇಡವೆಂದು ನಾವು ಯಾವಾಗ ತೀರ್ಮಾನಿಸಿದೆವು? ಭಿನ್ನರಾಶಿ ಕಲಿಸಲು ಬಿ.ಎಡ್. ಬೇಕು. ಮಾರಲ್ ಸೈನ್ಸ್ ಮಾತ್ರ ಸಾಮಾನ್ಯವಾಗಿ ಯಾರಿಗೆ ಪೀರಿಯಡ್ ಕಡಿಮೆ ಬಿದ್ದಿದೆಯೋ ಅವರ ಪಾಲಿಗೆ.

ನಮ್ಮ ರಿಂಗ್ ರಸ್ತೆಯ ಮಗ್ಗುಲಲ್ಲೇ ದೊಡ್ಡ ಎಂಜಿನಿಯರಿಂಗ್ ಕ್ಯಾಂಪಸ್ ಇದೆ, ಬೀದಿ ತುಂಬ ವಿದ್ಯಾರ್ಥಿಗಳು. ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ ತನ್ನ ಮಾದರಿ ಪಠ್ಯಕ್ರಮದಲ್ಲಿ ಇಂಥ ವಿದ್ಯಾರ್ಥಿಗಳಿಗೂ ಸಾರ್ವತ್ರಿಕ ಮಾನವೀಯ ಮೌಲ್ಯಗಳ ಪಾಠ ಸೇರಿಸಿದೆ. ಅದನ್ನು ಕಲಿಸುವ ಅಧ್ಯಾಪಕರಿಗೆ ಕೆಲವು ದಿನಗಳ ಕಾರ್ಯಾಗಾರ. ಸಿಸ್ಟರ್‌ಗೆ ವರ್ಷಗಳ ಓದು. ಎರಡರಲ್ಲಿ ಕೆಲಸದ ಭಾರವನ್ನು ಸರಿಯಾಗಿ ತೂಗಿದ್ದು ಸಿಸ್ಟರ್ ಅವರ ಸಭೆಯೇ ಎಂದು ನನ್ನ ನಂಬಿಕೆ.

*

ಜರ್ಮನಿಯಲ್ಲಿ ಹೀಗಿಲ್ಲ. ಅಲ್ಲಿನ ಮೂಲ ಕಾನೂನಿನ 7ನೇ ವಿಧಿಯಂತೆ ಸರ್ಕಾರಿ ಶಾಲೆಯಲ್ಲೂ ಧರ್ಮ ಒಂದು ಪಾಠವಿಷಯ. ಕ್ಯಾಥೊಲಿಕ್ ಧರ್ಮ ಕಲಿಸುವ ಮೇಷ್ಟರಿಗೆ ವಿಶ್ವವಿದ್ಯಾಲಯದ ಓದಿನ ಜೊತೆಗೆ ಧರ್ಮಾಧ್ಯಕ್ಷರ ಅನುಮತಿಯೂ ಬೇಕು. ಓದಿದವರಿಗೆ ಹುದ್ದೆಯಿದೆ, ಸಂಬಳವಿದೆ. ನಮ್ಮಲ್ಲಿ ಆ ಹುದ್ದೆಯೇ ಇಲ್ಲ. ಸಿಸ್ಟರ್ ಓದು ಮುಗಿಸಿ ಊರಿಗೆ ಹೋದರೆ ಮತ್ತೆ ಗಣಿತವೇ, ಜೊತೆಗೆ ಈ ಪೀರಿಯಡ್. ಭಾನುವಾರ ಪೂಜೆಯ ಮುಂಚೆಯೋ ಆಮೇಲೋ ಚರ್ಚಿನಲ್ಲಿ ಧರ್ಮೋಪದೇಶದ ತರಗತಿ ನಡೆಸುವವರಂತೂ ಹೆಚ್ಚಾಗಿ ಅದೇ ಧರ್ಮಕೇಂದ್ರದ ಹೆಣ್ಣುಮಕ್ಕಳು. ಬ್ಯಾಂಕಿನಲ್ಲಿ, ಗಾರ್ಮೆಂಟ್ಸಿನಲ್ಲಿ ವಾರವಿಡೀ ದುಡಿದು ಭಾನುವಾರ ಬಿಟ್ಟಿಯಾಗಿ ಬಂದು ಕಲಿಸುವವರು. ಈ ಓದು ಮೊದಲು ತಲುಪಬೇಕಾದದ್ದು ಅವರನ್ನು.

*

ಸಿಸ್ಟರ್ ತೋರಿಸಿದ ಪಠ್ಯಪಟ್ಟಿಯಲ್ಲಿ ಬೈಬಲ್, ಧರ್ಮಸಭೆಯ ಇತಿಹಾಸ ಇರುತ್ತವೆಂದು ಎಣಿಸಿದ್ದೆ, ಇವೆ. ಎಣಿಸದೇ ಇದ್ದದ್ದು ಮನಶ್ಶಾಸ್ತ್ರ. ಜೇಮ್ಸ್ ಫೌಲರ್ 1981ರ ತನ್ನ ಪುಸ್ತಕದಲ್ಲಿ ನಂಬಿಕೆ ವಯಸ್ಸಿನೊಂದಿಗೆ ಹೇಗೆ ಬೆಳೆಯುತ್ತದೆಂದು ಹಂತಹಂತವಾಗಿ ಬಿಡಿಸಿದ್ದಾನೆ. ಶಾಲೆಯ ವಯಸ್ಸಿನ ಮಗು ಕತೆಯನ್ನು ನಡೆದದ್ದು ನಡೆದ ಹಾಗೆ ನಂಬುತ್ತದೆ. ಹದಿಹರೆಯದಲ್ಲಿ ತನ್ನವರೆಲ್ಲ ನಂಬುವುದನ್ನು ತಾನೂ ನಂಬುತ್ತದೆ. ಸ್ವಂತ ಪ್ರಶ್ನೆ ಅದರಾಚೆಯದು. ಏಳನೇ ತರಗತಿ ಕತೆ ನಂಬುವ ಹಂತಕ್ಕೂ ತನ್ನವರಂತೆ ನಂಬುವ ಹಂತಕ್ಕೂ ನಡುವಿನ ಹೊಸ್ತಿಲು.

ಇನ್ನೊಬ್ಬರು ಥಾಮಸ್ ಗ್ರೂಮ್, ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಕಲಿಸಿದವರು. ಅವರ ಕ್ರಮದಲ್ಲಿ ಪಾಠ ಶುರುವಾಗುವುದು ಧರ್ಮಗ್ರಂಥದಿಂದಲ್ಲ. ಮೊದಲು ಮಕ್ಕಳು ತಮ್ಮ ಬದುಕಿನಲ್ಲಿ ನಡೆಯುತ್ತಿರುವುದನ್ನು ಹೇಳಬೇಕು. ಅದು ಯಾಕೆ ಹಾಗೆ ಎಂದು ಕೆದಕಬೇಕು. ಆಮೇಲೆ ಪರಂಪರೆಯ ಕತೆ ಒಳಗೆ ಬರುತ್ತದೆ. ಎರಡನ್ನೂ ಎದುರುಬದುರು ಇಟ್ಟು, ಕೊನೆಗೆ ಮಗು ತಾನೇನು ಮಾಡುವೆನೆಂದು ನಿರ್ಧರಿಸುತ್ತದೆ.

ನಮ್ಮ ಕೆರೆಯ ಮೇಲೆ ಈ ಪಾಠ ಮಾಡಿ ನೋಡೋಣ ಸಿಸ್ಟರ್ ಎಂದೆ. ಹೊಸಕೆರೆಹಳ್ಳಿ ಕೆರೆಗೆ ಮಣ್ಣು ಸುರಿದು ನಡುವೆ ದಾರಿ ಮಾಡಿದ ಸುದ್ದಿ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಅವರು ಅಲ್ಲೇ ನಿಂತು ಪಾಠ ಕಟ್ಟಿದರು. ಮಕ್ಕಳು ಕೆರೆ ನೋಡಿ ಬರಲಿ, ಕಂಡದ್ದನ್ನು ಬರೆಯಲಿ. ಮಣ್ಣು ಯಾರಿಗೆ ಬೇಕಿತ್ತು, ನೀರು ಯಾರಿಗೆ ಬೇಕಿತ್ತು ಎಂದು ಕೇಳೋಣ. ಬಳಿಕ ಸೃಷ್ಟಿಯ ಕತೆ, ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಬಗ್ಗೆ ಬರೆದ ಲೌದಾತೊ ಸಿ. ಮುಸ್ಲಿಂ ಮಗು, ಲಿಂಗಾಯತ ಮಗು ಇದ್ದರೆ? "ಅವರ ಮನೆಯಲ್ಲಿ ನೀರಿನ ಬಗ್ಗೆ ಏನು ಹೇಳ್ತಾರೆ ಅಂತ ಅವರೇ ತರಲಿ ಸರ್. ನನ್ನದನ್ನು ನಾನು ಮುಚ್ಚಿಡಲ್ಲ, ಅವರದನ್ನು ಅಳಿಸಲ್ಲ." ಬೆನ್ನಿಗೆ ಏನಿದೆ ಎಂಬ ನನ್ನ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಕ್ಕಿರಲಿಲ್ಲ.

*

ಇಂಥ ಪಾಠಕ್ಕೆ ಕರ್ನಾಟಕದಲ್ಲೇ ಬೇರಿದೆ. ಕ್ಯಾಥೊಲಿಕ್ ಧರ್ಮಸಭೆಯನ್ನು ಸ್ಥಳೀಯ ಸಂಸ್ಕೃತಿಗಳಿಗೆ ತೆರೆದ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದದ್ದು 1965ರಲ್ಲಿ. 1967ರಲ್ಲಿ ಫಾದರ್ ಡಿ.ಎಸ್. ಅಮಲೋರ್‌ಪವದಾಸ್ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಕಟ್ಟಿದರು. ಬೈಬಲ್, ಧರ್ಮೋಪದೇಶ, ಆರಾಧನೆ ಮೂರಕ್ಕೂ ಅದು ರಾಷ್ಟ್ರೀಯ ಕೇಂದ್ರ. ದೇವಸ್ಥಾನದ ಶೈಲಿಯಲ್ಲಿ ಅವರು ಅಲ್ಲಿ ಪ್ರಾರ್ಥನಾಲಯ ಕಟ್ಟಿಸಿದ್ದಕ್ಕೆ ಒಳಗಿನವರಿಂದಲೂ ಹೊರಗಿನವರಿಂದಲೂ ವಿರೋಧ ಬಂತು. ಅವರೇ ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಬೆಳೆಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ಡೈರಿ ಸರ್ಕಲ್ಲಿನಾಚೆಯ ಧರ್ಮಾರಾಂ ವಿದ್ಯಾಕ್ಷೇತ್ರ, ಮಲ್ಲೇಶ್ವರದ ಸಂತ ಪೇತ್ರರ ಗುರುಮಠ ಇವು ಕೊಡುವ ಪದವಿಗಳಿಗೆ ರೋಮ್‌ನ ಅಧಿಕಾರವಿದೆ, ಗೌರವವಿದೆ. ಆದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಸಾರ್ವಜನಿಕ ಕ್ಯಾಂಪಸ್ಸಿನಲ್ಲಿ, ಜೈನಶಾಸ್ತ್ರ ವಿಭಾಗ ಇರುವಲ್ಲೇ ಕ್ರೈಸ್ತಧರ್ಮವನ್ನೂ ಯಾರು ಬೇಕಾದರೂ ಓದಬಹುದಾದ ವಿಷಯವಾಗಿ ಇಟ್ಟದ್ದು ದೊಡ್ಡ ಕೆಲಸ. ಆ ದಾರಿ ಇನ್ನೂ ಅಗಲವಾಗಬೇಕಿತ್ತು.

*

ಒಂದು ಸಂಗತಿ ಮಾತ್ರ ನನಗಿನ್ನೂ ಬಗೆಹರಿದಿಲ್ಲ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತರು. ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು, ವ್ಯಾಕರಣವನ್ನೂ ಬರೆದರು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಕನ್ನಡ ಮಕ್ಕಳಿಗೆ ಕಲಿಸಲು ಹೊರಟ ಈ ಸಿಸ್ಟರ್ ತಮ್ಮ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಸಹಪಾಠಿಗಳು ಕೇರಳ, ತಮಿಳುನಾಡು, ಈಶಾನ್ಯ ರಾಜ್ಯಗಳಿಂದ ಬಂದವರಾದ್ದರಿಂದ ಇಂಗ್ಲಿಷ್ ಬೇಕೆನ್ನುವುದು ಸರಿಯೇ. ಆದರೂ ಪಾಠಗಳು? ಅವನ್ನು ಕನ್ನಡದಲ್ಲೇ ಬರೆದು ಅನುಬಂಧವಾಗಿ ಸೇರಿಸುತ್ತಾರಂತೆ. ಕೆರೆಯ ಪಾಠ ಮೊದಲನೆಯದು. ಕರಡು ಓದಿ ಎಲ್ಲಿ ಕನ್ನಡ ತೊಡರುತ್ತದೋ ಅಲ್ಲಿ ಗುರುತು ಹಾಕಿಕೊಡಿ ಎಂದು ಕೇಳಿದ್ದಾರೆ, ಒಪ್ಪಿಕೊಂಡಿದ್ದೇನೆ.