ನಾಲ್ಕು ಒಲೆ, ಒಂದೇ ಪಾತ್ರೆ

ಪುಣೆಗೆ ಬಂದು 26 ವರ್ಷ ಆಯ್ತು. ಹೊಟ್ಟೆಪಾಡು ಲಿನಕ್ಸ್ ಮೇಲೇ. ಆದ್ರೂ ಹಿಂಗಾಯ್ತು ನೋಡಿ...

ಹೋದ ತಿಂಗಳು ಗದಗಿನಿಂದ ತಮ್ಮನ ಫೋನು. "ಅಣ್ಣಾ, ಅವ್ವನ ವರ್ಷದ ತಿಥಿಗೆ ಬರೂ ಮುಂದ ಆಕಿ ಹಾಡಿದ್ದೆಲ್ಲಾ ಪೆನ್‌ಡ್ರೈವ್‌ನ್ಯಾಗ ಹಾಕ್ಕೊಂಡ ಬಾ."

ಅವ್ವನ ಬೀಸುವ ಪದ, ಸೋಬಾನೆ ಪದ ಎಲ್ಲ 19 ಕ್ಯಾಸೆಟ್‌ನಲ್ಲಿದ್ದವು. ಎರಡೂ ಬದಿ ಆಡಿಸಿ ಕಂಪ್ಯೂಟರಿಗೆ ಇಳಿಸಿದ್ದೆ, 38 ವಾವ್ ಫೈಲು. ಅವಕ್ಕೊಂದು ಪುಟ್ಟ ಸ್ಕ್ರಿಪ್ಟ್: ಸಾಕ್ಸ್ (ಕಾಲುಚೀಲ ಅಲ್ರೀ, ತಂತ್ರಾಂಶ!) ಗೊರಗೊರ ತೆಗೆದು 'ಟೆಂಪ್.ವಾವ್' ಅಂತ ಬರೀತದೆ, ಲೇಮ್ ಅದನ್ನ ಎಂಪಿ3 ಮಾಡ್ತದೆ, ಆಮೇಲೆ ಮೂಲ ಫೈಲು ಅಳಿಸೋದು. ಹಳೇ ಲ್ಯಾಪ್‌ಟಾಪು, ಡಿಸ್ಕಿನಲ್ಲಿ ಜಾಗ ಇರಲಿಲ್ಲ.

ಒಂದೊಂದಕ್ಕೆ ಐದು ನಿಮಿಷ. ಬಸ್ಸಿಗೆ ಉಳಿದದ್ದು ಒಂದೂವರೆ ತಾಸು.

ಎಕ್ಸಾರ್ಗ್ಸ್ ನೆನಪಾಯ್ತು. ಪಟ್ಟಿ ಕೊಟ್ಟರೆ ಅದರಲ್ಲಿನ ಹೆಸರುಗಳಿಗೆ ಹೇಳಿದ ಕೆಲಸ ಮಾಡಿಸುತ್ತೆ. '-ಪಿ 4' ಅಂದ್ರೆ ನಾಲ್ಕು ಒಟ್ಟಿಗೆ ಶುರು, ಒಂದು ಮುಗೀತಿದ್ದ ಹಾಗೆ ಪಟ್ಟಿಯ ಮುಂದಿನದು. ಜೊತೆಗೆ '-ಎನ್ 1' ಬೇಕು, ಇಲ್ಲದಿದ್ರೆ ಇಡೀ ಪಟ್ಟಿ ಒಬ್ಬನ ತಲೆಗೇ ಕಟ್ಟಿ ಉಳಿದ ಮೂವರು ಖಾಲಿ ಕೂರಬಹುದು. ಹೆಸರಿನ ನಡುವೆ ಜಾಗ ಇದ್ದರೆ 'ಅವ್ವನ ಪದ' ಎರಡು ಫೈಲು ಅಂದ್ಕೊಳ್ಳುತ್ತೆ. ಅದಕ್ಕೆ ಫೈಂಡ್‌ಗೆ '-ಪ್ರಿಂಟ್0', ಎಕ್ಸಾರ್ಗ್ಸ್‌ಗೆ '-0'. ಇಷ್ಟೆಲ್ಲ ಜಾಣತನ ಮಾಡಿದೆ. ಐವತ್ತು ನಿಮಿಷಕ್ಕೆ ಮುಗೀತು. ಕೇಳಿ ನೋಡದೆ ಬಸ್ ಹತ್ತಿದೆ.

ಗದಗಿನಲ್ಲಿ ಎಲ್ಲರೂ ಕೂತಿದ್ದಾಗ ತಮ್ಮ ಹಚ್ಚಿದ. ಅವ್ವ ಎರಡು ಸಾಲು ಹಾಡಿದ್ಲು. ನಡುವೆ ಯಾರದೋ ಮದುವೆ ವಾಲಗ! ಆಮೇಲೆ ಅಪ್ಪನ ಕೆಮ್ಮು. ಮುಂದಿನ ಫೈಲೂ ಹಂಗೇ. ಸೋದರತ್ತೆ ಎದ್ದು ಒಳಗೆ ಹೋದ್ರು.

ತಪ್ಪು ಎಕ್ಸಾರ್ಗ್ಸ್‌ದಲ್ಲ. ಟೆಂಪ್.ವಾವ್ ಒಂದೇ, ಬರೆಯೋರು ನಾಲ್ವರು. ಒಬ್ಬ ಬರೆದದ್ದರ ಮೇಲೆ ಇನ್ನೊಬ್ಬ. ಒಂದಾದ ಮೇಲೊಂದು ನಡೆದಾಗ ಈ ತೊಂದರೆ ಕಾಣೋದೇ ಇಲ್ಲ. ಗ್ನೂ ಪ್ಯಾರಲಲ್ ಬಳಸಿದ್ರೂ ಅಷ್ಟೇ. ಅದು ಪರದೆ ಮೇಲಿನ ಉತ್ತರಗಳನ್ನ ಕಲಸದೆ ಬೇರೆಬೇರೆ ತೋರಿಸುತ್ತೆ ನಿಜ, ಆದರೆ ಆ ಫೈಲಿಗೆ ಹೆಸರಿಟ್ಟವನು ನಾನು. ಎಂಕೆಟೆಂಪ್ ಕಮಾಂಡಿಂದ ಪ್ರತಿ ಕೆಲಸಕ್ಕೂ ಬೇರೆ ಹೆಸರು ಪಡೆದಿದ್ರೆ ಮುಗೀತಿತ್ತು. ಕೇಳಿ ನೋಡೋ ತನಕ ಮೂಲ ಅಳಿಸಬಾರದಿತ್ತು ಅನ್ನೋದಂತೂ ಹೇಳೋದೇ ಬೇಡ.

ಕ್ಯಾಸೆಟ್‌ಗಳು ಇನ್ನೂ ಇವೆ, ಒಂದನ್ನು ಬಿಟ್ಟು. ಅದರ ರೀಲು ಇಳಿಸಿದ ದಿನವೇ ಕಡಿದಿತ್ತು, ಹೆಂಗೂ ಕಂಪ್ಯೂಟರಿನಲ್ಲಿದೆಯಲ್ಲ ಅಂತ ಎಸೆದಿದ್ದೆ. ಅದರಲ್ಲಿ ತೊಟ್ಟಿಲ ಪದ ಇದ್ದವು.

ಈಗ ರವಿವಾರ ಮತ್ತೆ ಟೇಪ್‌ರೆಕಾರ್ಡರ್ ಮುಂದೆ ಕೂರ್ತೀನಿ. ಒಂದು ಬದಿಗೆ ಅರ್ಧ ತಾಸು ಅಂದ್ರೆ ಅರ್ಧ ತಾಸೇ. ಅದಕ್ಕೆ '-ಪಿ 4' ಇಲ್ಲ. ಮೊದಲ ಸಲ ಇಳಿಸುವಾಗ ಬಟನ್ ಒತ್ತಿ ಪೇಪರ್ ಓದ್ತಾ ಇದ್ದೆ, ಕೇಳಿರಲಿಲ್ಲ. ಏಳನೇ ಕ್ಯಾಸೆಟ್ಟಿನಲ್ಲಿ ಅವ್ವ ಪದ ನಿಲ್ಲಿಸಿ "ನೀರ ಬಂತೇನು ನೋಡೋ" ಅಂತ ಕೂಗ್ತಾಳೆ. "ಬಂದಿಲ್ಲಬೇ" ಅನ್ನೋ ಹುಡುಗನ ದನಿ ನಂದೇ ಇರಬೇಕು.